ತಕಯಾಸು ಆರ್ಟರೈಟಿಸ್: ಇಎಸ್‌ಆರ್, ಸಿಆರ್‌ಪಿ ಮಾತನ್ನು ಎಷ್ಟು ನಂಬಬೇಕು?

ಈ ಕಾಯಿಲೆಯಲ್ಲಿ ಉರಿಯೂತ ಇರುವುದು ಮಹಾಪಧಮನಿ ಮತ್ತು ಅದರ ದೊಡ್ಡ ಕವಲುಗಳ ಗೋಡೆಯೊಳಗೆ. ಇಎಸ್‌ಆರ್, ಸಿಆರ್‌ಪಿ ಎಂಬ ಉರಿಯೂತದ ರಕ್ತಪರೀಕ್ಷೆಗಳಿಗೆ ನಾವು ಲ್ಯಾಬ್‌ಗೆ ಕಳಿಸುವುದು ತೋಳಿನಿಂದ ತೆಗೆದ ರಕ್ತ. ಇವೆರಡರ ನಡುವಿನ ದೂರ ಮರೆತರೆ ರಿಪೋರ್ಟ್ ಓದುವಾಗ ಎಡವುತ್ತೇವೆ.

ಮೊದಲು ಹಿನ್ನೆಲೆ. ಜಪಾನಿನ ಕಣ್ಣಿನ ವೈದ್ಯ ಮಿಕಿಟೊ ತಕಯಾಸು 1908ರಲ್ಲಿ ಒಬ್ಬ ಯುವತಿಯ ರೆಟಿನಾದ ರಕ್ತನಾಳಗಳ ವಿಚಿತ್ರ ಬದಲಾವಣೆಯನ್ನು ವರದಿ ಮಾಡಿದರು. ಕಾಯಿಲೆಗೆ ಅವರ ಹೆಸರೇ ಬಂತು. ಹೆಚ್ಚಾಗಿ ಬರುವುದು 40 ದಾಟದ ಹೆಣ್ಣುಮಕ್ಕಳಿಗೆ. ನಮ್ಮ ದೇಶದ ರೋಗಿಗಳಲ್ಲಿ ಹೊಟ್ಟೆಯ ಭಾಗದ ಮಹಾಪಧಮನಿ, ಕಿಡ್ನಿಯ ರಕ್ತನಾಳಗಳು ಕೆಡುವುದು ಜಾಸ್ತಿ. ಹಾಗಾಗಿ ಚಿಕ್ಕ ವಯಸ್ಸಿನಲ್ಲೇ ಬಿಪಿ ಏರಿರುತ್ತದೆ.

ಇಎಸ್‌ಆರ್ ಅಂದರೆ ಕೊಳವೆಯಲ್ಲಿ ನಿಲ್ಲಿಸಿದ ರಕ್ತದ ಕೆಂಪು ಕಣಗಳು ಒಂದು ಗಂಟೆಯಲ್ಲಿ ಎಷ್ಟು ಮಿಲಿಮೀಟರ್ ಕೆಳಗಿಳಿದವು ಎನ್ನುವ ಲೆಕ್ಕ. ಉರಿಯೂತ ಇದ್ದಾಗ ರಕ್ತದಲ್ಲಿ ಫೈಬ್ರಿನೋಜೆನ್ ಎಂಬ ಪ್ರೋಟೀನ್ ಹೆಚ್ಚುತ್ತದೆ. ಕಣಗಳು ನಾಣ್ಯ ಜೋಡಿಸಿಟ್ಟ ಹಾಗೆ ಅಂಟಿಕೊಂಡು ಬೇಗ ಇಳಿಯುತ್ತವೆ. ಆದರೆ ರಕ್ತಹೀನತೆ, ಬಸಿರು, ವಯಸ್ಸು ಇವೂ ಇಎಸ್‌ಆರ್ ಏರಿಸುತ್ತವೆ. ನಮ್ಮ ರೋಗಿಗಳಲ್ಲಿ ಬಹಳ ಜನ ಹೆರಿಗೆ ವಯಸ್ಸಿನವರು, ರಕ್ತಹೀನತೆಯೂ ಸಾಮಾನ್ಯ. ಹಿಮೋಗ್ಲೋಬಿನ್ ನೋಡದೆ ಇಎಸ್‌ಆರ್ ಒಂದನ್ನೇ ಓದಬೇಡಿ.

ಸಿಆರ್‌ಪಿ ಉರಿಯೂತ ಇದ್ದಾಗ ರಕ್ತದಲ್ಲಿ ಏರುವ ಒಂದು ಪ್ರೋಟೀನ್. ಅದನ್ನು ತಯಾರಿಸುವುದು ಲಿವರ್. ಲಿವರ್‌ಗೆ ಮುಖ್ಯ ಆದೇಶ ಇಂಟರ್‌ಲ್ಯುಕಿನ್-6 ಎಂಬ ಉರಿಯೂತದ ಸಂದೇಶವಾಹಕದಿಂದ ಬರುತ್ತದೆ. ಕೆಲವೇ ಗಂಟೆಗಳಲ್ಲಿ ಏರುತ್ತದೆ, ಕಾರಣ ಹೋದರೆ ಬೇಗ ಇಳಿಯುತ್ತದೆ. ಅರ್ಧಾಯುಷ್ಯ, ಅಂದರೆ ರಕ್ತದಲ್ಲಿರುವ ಪ್ರಮಾಣ ಅರ್ಧಕ್ಕೆ ಇಳಿಯುವ ಸಮಯ, ಸುಮಾರು 19 ಗಂಟೆ. ಇಎಸ್‌ಆರ್ ಇಳಿಯಲು ವಾರಗಳೇ ಬೇಕಾಗಬಹುದು.

ಈಗ ಮುಖ್ಯ ವಿಷಯ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ 60 ರೋಗಿಗಳ ಅಧ್ಯಯನ 1994ರಲ್ಲಿ ಪ್ರಕಟವಾಯಿತು. ಲಕ್ಷಣಗಳ ಪ್ರಕಾರ ಕಾಯಿಲೆ ತಣ್ಣಗಿದೆ ಎಂದುಕೊಂಡವರಿಗೆ ಬೈಪಾಸ್ ಸರ್ಜರಿ ಮಾಡುವಾಗ ರಕ್ತನಾಳದ ತುಣುಕು ತೆಗೆದು ನೋಡಿದರು. ಅಂಥ ತುಣುಕುಗಳಲ್ಲಿ ಶೇ. 44ರಷ್ಟರಲ್ಲಿ ಉರಿಯೂತ ಇನ್ನೂ ನಡೆಯುತ್ತಿತ್ತು! ಇಎಸ್‌ಆರ್ ಕೂಡ ನೆಚ್ಚಿಕೊಳ್ಳುವ ಹಾಗಿರಲಿಲ್ಲ. ಈ ಒಂದು ಅಂಕಿ ನೆನಪಿದ್ದರೆ 'ರಿಪೋರ್ಟ್ ನಾರ್ಮಲ್, ಆರಾಮಾಗಿರಿ' ಎನ್ನುವ ಮಾತು ಅಷ್ಟು ಸುಲಭವಾಗಿ ಬಾಯಿಗೆ ಬರುವುದಿಲ್ಲ.

ಔಷಧಿಯೂ ಲೆಕ್ಕ ಕೆಡಿಸುತ್ತದೆ. ಈ ಕಾಯಿಲೆಗೆ ಕೊಡುವ ಟೊಸಿಲಿಜುಮ್ಯಾಬ್ ಇಂಜೆಕ್ಷನ್ ತಡೆಯುವುದು ಇಂಟರ್‌ಲ್ಯುಕಿನ್-6ರ ಸಂದೇಶ ಹಿಡಿಯುವ ಗ್ರಾಹಕವನ್ನೇ (ರಿಸೆಪ್ಟರ್). ಲಿವರ್‌ಗೆ ಆದೇಶವೇ ತಲುಪದಿದ್ದ ಮೇಲೆ ಸಿಆರ್‌ಪಿ ಏರುವುದಾದರೂ ಹೇಗೆ, ಅಲ್ವಾ? ಗೋಡೆಯಲ್ಲಿ ಉರಿಯೂತ ಉಳಿದಿದ್ದರೂ ಸಂಖ್ಯೆ ಚೆನ್ನಾಗಿಯೇ ಕಾಣಬಹುದು. ಈ ಇಂಜೆಕ್ಷನ್ ಮೇಲಿರುವವರಿಗೆ ಸೋಂಕು ತಗುಲಿದಾಗಲೂ ಇದೇ ಅಪಾಯ.

ಹಾಗಾದರೆ ಏನು ನೋಡಬೇಕು? ಕಾಯಿಲೆ ಎಷ್ಟು ಸಕ್ರಿಯವಾಗಿದೆ ಎಂದು ಅಳೆಯಲು ಭಾರತದ ವೈದ್ಯರು ರೂಪಿಸಿದ ಐಟಾಸ್-2010 ಅಂಕಪಟ್ಟಿ ನನಗೆ ಇಷ್ಟ, ಏಕೆಂದರೆ ಅದು ಕೈ ಮತ್ತು ಸ್ಟೆತಸ್ಕೋಪ್‌ನಿಂದ ಶುರುವಾಗುತ್ತದೆ. ಹೊಸದಾಗಿ ನಾಡಿ ನಿಂತಿದೆಯೇ, ರಕ್ತನಾಳದ ಮೇಲೆ ಹೊಸ ಸದ್ದು ಕೇಳುತ್ತಿದೆಯೇ, ನಡೆದರೆ ಕಾಲು ನೋವೇ? ಹಳೆಯ ಹಾನಿಗೆ ಅಂಕವಿಲ್ಲ, ಹೊಸದಕ್ಕೆ ಮಾತ್ರ. ಐಟಾಸ್-ಎ ಎಂಬ ರೂಪದಲ್ಲಿ ಇಎಸ್‌ಆರ್ ಅಥವಾ ಸಿಆರ್‌ಪಿಗೆ 0ರಿಂದ 3 ಅಂಕ ಸೇರುತ್ತದೆ. ಬಿಪಿಯನ್ನು ಎರಡೂ ತೋಳು, ಎರಡೂ ಕಾಲುಗಳಲ್ಲಿ ನೋಡಿ. ತೋಳಿನ ರಕ್ತನಾಳ ಕಿರಿದಾಗಿದ್ದರೆ ಅಲ್ಲಿ ಬಿಪಿ ಸುಳ್ಳೇ ಕಡಿಮೆ ತೋರಿಸುತ್ತದೆ.

ಅಭ್ಯಾಸಕ್ಕೆ ಎರಡು ಸನ್ನಿವೇಶ. ಒಬ್ಬಳಿಗೆ ಇಎಸ್‌ಆರ್ 18, ಸಿಆರ್‌ಪಿ 3; ಎರಡೂ ನಾರ್ಮಲ್. ಆದರೆ ಹೋದ ಸಲ ಸಿಕ್ಕ ಎಡಗೈ ನಾಡಿ ಈಗ ಸಿಗುತ್ತಿಲ್ಲ. ರಿಪೋರ್ಟ್ ಪಕ್ಕಕ್ಕಿಟ್ಟು ಎಂಆರ್ ಆಂಜಿಯೋ (ರಕ್ತನಾಳಗಳ ಎಂಆರ್‌ಐ ಸ್ಕ್ಯಾನ್) ಮಾಡಿಸಿ. ಇನ್ನೊಬ್ಬಳಿಗೆ ಸಿಆರ್‌ಪಿ ಏರಿ 28 ಆಗಿದೆ, ನಾಡಿಗಳೆಲ್ಲ ಮೊದಲಿನ ಹಾಗೇ ಇವೆ, ಆದರೆ ಕೆಲವು ವಾರಗಳಿಂದ ಕೆಮ್ಮು, ಸಂಜೆ ಜ್ವರ. ಅವಳ ಸ್ಟೆರಾಯ್ಡ್ ಏರಿಸುವ ಮೊದಲು ಕಫ ಪರೀಕ್ಷೆ, ಎದೆಯ ಎಕ್ಸ್-ರೇ ಮಾಡಿಸಿ ಟಿಬಿ ಇದೆಯೇ ನೋಡಿ.