ಅಂಟು ಕಾಣದ ಸಿನಿಮಾ

ಬೇರೆಯವರು ತೆಗೆದ ಫಿಲ್ಮನ್ನು ಕತ್ತರಿಸಿ, ಮರುಜೋಡಿಸಿ ಹೊಸ ಚಿತ್ರ ಮಾಡುವುದಕ್ಕೆ ‘ಫೌಂಡ್ ಫೂಟೇಜ್’ ಎನ್ನುತ್ತಾರೆ. (ಕಾಡಿನಲ್ಲಿ ಕ್ಯಾಮೆರಾ ಸಿಕ್ಕಿತು ಎಂದು ಶುರುವಾಗುವ ದೆವ್ವದ ಸಿನಿಮಾಗಳಿಗೂ ಇದೇ ಹೆಸರು, ಅದರ ಮಾತು ಇಲ್ಲಿ ಬೇಡ.) ಇದು ಯಾರ ಸ್ವತ್ತು ಎಂಬ ತಕರಾರು ಮೊದಲಿಂದಲೂ ಇತ್ತು. ಎಐ ಬಂದ ಮೇಲೆ ಅದು ಬಿಡಿಸಲಾಗದಷ್ಟು ಗೋಜಲಾಗಿದೆ.

1927ರಲ್ಲಿ ಸೋವಿಯತ್ ಚಿತ್ರ ಸಂಕಲನಕಾರ್ತಿ ಎಸ್ಫಿರ್ ಶುಬ್, ರಷ್ಯಾದ ತ್ಸಾರ್ ಕುಟುಂಬ ತನಗಾಗಿ ತೆಗೆಸಿಕೊಂಡಿದ್ದ ರೀಲುಗಳನ್ನೂ ಹಳೆಯ ಸುದ್ದಿಚಿತ್ರಗಳನ್ನೂ ಸೇರಿಸಿ ಆ ಮನೆತನದ ಪತನವನ್ನೇ ತೋರಿಸಿದರು. 1936ರಲ್ಲಿ ನ್ಯೂಯಾರ್ಕಿನ ಕಲಾವಿದ ಜೋಸೆಫ್ ಕಾರ್ನೆಲ್ ಒಂದು ಹಾಲಿವುಡ್ ಚಿತ್ರದಿಂದ ನಾಯಕಿ ರೋಸ್ ಹೋಬಾರ್ಟ್ ಇದ್ದ ತುಣುಕುಗಳನ್ನು ಹೆಕ್ಕಿ, ನೀಲಿ ಗಾಜಿನ ಮೂಲಕ ಪರದೆಗೆ ಬಿಟ್ಟರು. ಅಲ್ಲಿದ್ದ ಚಿತ್ರಕಾರ ಸಾಲ್ವಡಾರ್ ಡಾಲಿ, ಇದು ನನ್ನ ತಲೆಯಲ್ಲಿದ್ದ ಕಲ್ಪನೆ ಎಂದು ರೇಗಿ ಪ್ರೊಜೆಕ್ಟರನ್ನೇ ಉರುಳಿಸಿದರಂತೆ. ಕತ್ತರಿ ಬಿದ್ದದ್ದು ಇನ್ನೊಬ್ಬರ ಚಿತ್ರಕ್ಕೆ, ಕಳುವಾಯಿತೆಂದು ಕೂಗಾಡಿದ್ದು ಡಾಲಿ! ಅಲ್ಲಿಂದ 2010ರಲ್ಲಿ ಕಲಾವಿದ ಕ್ರಿಸ್ಟಿಯನ್ ಮಾರ್ಕ್ಲೆ ಸಾವಿರಾರು ಸಿನಿಮಾ ತುಣುಕುಗಳಿಂದ ಕಟ್ಟಿದ 24 ಗಂಟೆಯ ‘ದಿ ಕ್ಲಾಕ್’ (ಗಡಿಯಾರ) ಎಂಬ ಚಿತ್ರದವರೆಗೆ ಒಂದು ಮಾತು ಬದಲಾಗಲಿಲ್ಲ: ಯಾವ ತುಣುಕು ಎಲ್ಲಿಯದು ಎಂದು ಬೆರಳಿಟ್ಟು ತೋರಿಸಬಹುದಿತ್ತು.

ಅದು ಕೈತಪ್ಪಿದ್ದು 2016ರ ಸುಮಾರಿಗೆ. ಲಂಡನ್ನಿನ ಗೋಲ್ಡ್‌ಸ್ಮಿತ್ಸ್ ಕಾಲೇಜಿನಲ್ಲಿ ಓದುತ್ತಿದ್ದ ಟೆರೆನ್ಸ್ ಬ್ರಾಡ್ ‘ಬ್ಲೇಡ್ ರನ್ನರ್’ ಚಿತ್ರದ ಒಂದೊಂದೇ ಫ್ರೇಮನ್ನು ಆಟೋಎನ್‌ಕೋಡರ್ ಎಂಬ ಪ್ರೋಗ್ರಾಮಿಗೆ ಉಣಿಸಿದರು. ಅದು ಪ್ರತಿ ಫ್ರೇಮನ್ನೂ 200 ಅಂಕಿಗಳಿಗೆ ಹಿಂಡಿ, ಮತ್ತೆ ಆ ಅಂಕಿಗಳಿಂದಲೇ ಚಿತ್ರವನ್ನು ಬಿಡಿಸುತ್ತದೆ. ಹೊರಬಂದದ್ದು ಮಳೆಯಲ್ಲಿ ತೊಯ್ದ ಬಸ್ಸಿನ ಕಿಟಕಿಯಿಂದ ನೋಡಿದಂಥ ಸಿನಿಮಾ. ದೀಪಗಳು ಗೊತ್ತಾಗುತ್ತವೆ, ಮುಖಗಳು ಕರಗುತ್ತವೆ. ಮೂಲದ ಒಂದು ಫ್ರೇಮೂ ಅದರಲ್ಲಿ ಇದ್ದ ಹಾಗೆ ಇಲ್ಲ. ಆದರೂ ಹಕ್ಕುದಾರರ ಕಡೆಯಿಂದ ನೋಟಿಸು ಬಂದು ಅಂತರ್ಜಾಲದಿಂದ ವಿಡಿಯೊ ಇಳಿಯಿತು. ಸುದ್ದಿಯಾದ ಮೇಲೆ ಮತ್ತೆ ಏರಿತು. ಮನುಷ್ಯ ಯಾರು, ಯಂತ್ರ ಯಾವುದು ಎಂದು ತಡಕಾಡುವ ಕಥೆಯ ಚಿತ್ರಕ್ಕೇ ಈ ಫಜೀತಿ.

ಬ್ರಾಡ್ ಉಣಿಸಿದ್ದು ಯಾವ ಚಿತ್ರ ಎಂಬುದಾದರೂ ನಮಗೆ ಗೊತ್ತು. ಇವತ್ತು ಒಂದು ಸಾಲು ಬರೆದರೆ ವಿಡಿಯೊ ಕೊಡುವ ಎಐ ಮಾದರಿಗಳು ಏನೇನು ತಿಂದಿವೆ ಎಂಬ ಪೂರ್ತಿ ಪಟ್ಟಿ ನೋಡುಗರ ಕೈಗೆ ಸಿಗುವುದು ಅಪರೂಪ. 1957ರ ನಮ್ಮ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ವಿಮರ್ಶೆ, ಸುದ್ದಿಯಂಥ ಬಳಕೆಗೆ ಒಂದಿಷ್ಟು ದಾರಿ ಬಿಡುತ್ತದೆ. ಅದನ್ನು ಬರೆದವರ ಮನಸ್ಸಿನಲ್ಲಿ ಇಂಥ ಯಂತ್ರ ಇರಲು ಸಾಧ್ಯವಿರಲಿಲ್ಲ.

ಇನ್ನು ಕನ್ನಡದಲ್ಲಿ ಹೆಕ್ಕೋಣವೆಂದರೆ ಹಳೆಯ ರೀಲಿಗೇ ಬರ. 1934ರಲ್ಲಿ ಬೆಂಗಳೂರಿನ ಪ್ಯಾರಾಮೌಂಟ್ ಟಾಕೀಸಿನಲ್ಲಿ ತೆರೆಕಂಡ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ದ ಪ್ರತಿ ಉಳಿದಿಲ್ಲ. ಎಐಗೆ ಅದನ್ನೇ ತೋರಿಸು ಎಂದರೆ ಕಿರೀಟ, ಗದೆ, ಲಂಕೆಯ ಕಂಬಸಾಲು ಎಲ್ಲವನ್ನೂ ಕ್ಷಣದಲ್ಲಿ ತಂದಿಡುತ್ತದೆ, ಮೇಲೆ ಒಂದೆರಡು ಹಳೆಯ ಗೀರುಗಳನ್ನೂ ಎಳೆದು. ಆ ಗೀರು ಯಾವ ರೀಲಿನದೋ.