ಕುರ್ಚಿ ಬಿಟ್ಟು ಇಳಿದವರಿಗೆ 50 ಲಕ್ಷ ಡಾಲರ್: ಮೊ ಇಬ್ರಾಹಿಂ ಬಹುಮಾನದ ಹಿಂದಿನ ಕಥೆ

30 ಸಾವಿರ ಡಾಲರ್‌ಗಿಂತ ಜಾಸ್ತಿ ಹಣ ಯಾರಿಗೇ ಕೊಡಬೇಕಿದ್ದರೂ ಇಡೀ ಆಡಳಿತ ಮಂಡಳಿಯ ಒಪ್ಪಿಗೆ ಬೇಕು. ಆಫ್ರಿಕಾದಲ್ಲಿ ಮೊಬೈಲ್ ಟವರ್ ನಿಲ್ಲಿಸುತ್ತಿದ್ದ ಸೆಲ್‌ಟೆಲ್ ಕಂಪನಿ ತನಗೆ ತಾನೇ ಹಾಕಿಕೊಂಡಿದ್ದ ಕಟ್ಟುಪಾಡು ಇದು. ಕೋಟಿಗಟ್ಟಲೆ ಡಾಲರ್ ಸುರಿದು ಜಾಲ ಕಟ್ಟುವ ಕಂಪನಿಗೆ ಇದು ತೀರಾ ಸಣ್ಣ ಮೊತ್ತ. ಇಷ್ಟಕ್ಕೂ ಬೋರ್ಡಿನ ಬಾಗಿಲು ತಟ್ಟಿದರೆ ಕೆಲಸ ನಿಧಾನ ಆಗುತ್ತೆ, ಅಲ್ವಾ? ಆದರೆ ಅದರ ಉದ್ದೇಶವೇ ಬೇರೆ. ಮಂತ್ರಿಯೋ ಅಧಿಕಾರಿಯೋ ಫೈಲ್ ಮುಂದಿಟ್ಟುಕೊಂಡು 'ನಮಗೇನು?' ಅಂತ ಕೇಳಿದಾಗ, ಅಲ್ಲಿನ ಮ್ಯಾನೇಜರ್ ಜಗಳ ಆಡಬೇಕಿರಲಿಲ್ಲ. 'ನನ್ನ ಕೈಯಲ್ಲಿಲ್ಲ, ಬೋರ್ಡ್ ಕೇಳಬೇಕು' ಅಂದರೆ ಸಾಕಿತ್ತು. ಆ ಬೋರ್ಡಿನಲ್ಲಿ ಟಾಂಜಾನಿಯಾದ ಪ್ರಧಾನಿಯಾಗಿದ್ದ, ಆಫ್ರಿಕನ್ ಏಕತಾ ಸಂಘಟನೆಯ ಮುಖ್ಯಸ್ಥರಾಗಿದ್ದ ಸಲೀಂ ಅಹ್ಮದ್ ಸಲೀಂ ಅವರಂಥವರು ಇದ್ದರು. ಅವರ ಮುಂದೆ ಲಂಚದ ಕಾಗದ ಇಡುವ ಧೈರ್ಯ ಯಾರಿಗಿದೆ?

ಈ ಕಂಪನಿ ಕಟ್ಟಿದವರು ಮೊಹಮ್ಮದ್ ಇಬ್ರಾಹಿಂ. ಎಲ್ಲರೂ ಕರೆಯುವುದು ಮೊ ಇಬ್ರಾಹಿಂ ಅಂತ. ಮುಂದೆ ಇವರು ಅಧಿಕಾರ ಬಿಟ್ಟು ಮರ್ಯಾದೆಯಿಂದ ಮನೆಗೆ ಹೋದ ಆಫ್ರಿಕಾದ ನಾಯಕರಿಗಾಗಿ ದೊಡ್ಡ ಬಹುಮಾನ ಇಟ್ಟರು. ಅದರ ಬೇರು ಈ 30 ಸಾವಿರ ಡಾಲರ್ ನಿಯಮದಲ್ಲೇ ಇದೆ ಅಂತ ನಾನು ನಂಬಿದ್ದೇನೆ.

ಇಬ್ರಾಹಿಂ ಹುಟ್ಟಿದ್ದು 1946ರಲ್ಲಿ, ಸುಡಾನಿನಲ್ಲಿ. ಅರಬ್ ಲೀಗಿನ ಸದಸ್ಯ ದೇಶ ಅದು. ಮನೆತನ ಮಾತ್ರ ಅರಬ್ಬರದಲ್ಲ, ನೈಲ್ ನದಿ ದಂಡೆಯ ನೂಬಿಯನ್ನರದು. ಚಿಕ್ಕಂದಿನಲ್ಲೇ ಕುಟುಂಬ ಈಜಿಪ್ಟಿಗೆ ಹೋಯಿತು. ಅಲೆಕ್ಸಾಂಡ್ರಿಯಾದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿ, ಸುಡಾನಿಗೆ ವಾಪಸು ಬಂದು ಅಲ್ಲಿನ ಟೆಲಿಫೋನ್ ಇಲಾಖೆ ಸೇರಿದರು. 1974ರಲ್ಲಿ ಓದಲೆಂದು ಇಂಗ್ಲೆಂಡಿಗೆ ಹೊರಟರು. ಬ್ರಾಡ್‌ಫರ್ಡ್‌ನಲ್ಲಿ ಸ್ನಾತಕೋತ್ತರ ಪದವಿ, ಬರ್ಮಿಂಗ್‌ಹ್ಯಾಮಿನಲ್ಲಿ ಮೊಬೈಲ್ ಸಂವಹನದ ಮೇಲೆ ಪಿಎಚ್‌ಡಿ. ಮೊಬೈಲ್ ಫೋನ್ ಇನ್ನೂ ಜನರ ಕೈಗೆ ಬಂದಿರಲಿಲ್ಲ, ಆಗಲೇ ಇವರು ರೇಡಿಯೋ ಅಲೆಗಳು ಊರಿನ ಗೋಡೆ, ಗುಡ್ಡಗಳ ನಡುವೆ ಹೇಗೆ ಹರಿಯುತ್ತವೆ ಅಂತ ತಲೆ ಕೆಡಿಸಿಕೊಂಡಿದ್ದರು.

1983ರಲ್ಲಿ ಬ್ರಿಟಿಷ್ ಟೆಲಿಕಾಂನ ಮೊಬೈಲ್ ಕಂಪನಿ ಸೆಲ್‌ನೆಟ್‌ಗೆ ತಾಂತ್ರಿಕ ನಿರ್ದೇಶಕರಾದರು. 1985ರ ಜನವರಿಯಲ್ಲಿ ಬ್ರಿಟನ್ನಿನಲ್ಲಿ ಮೊಬೈಲ್ ಸೇವೆ ಶುರುವಾಯಿತು. ಆದರೆ ದೊಡ್ಡ ಕಂಪನಿಯ ನಿಧಾನ ಇವರಿಗೆ ಒಗ್ಗಲಿಲ್ಲ. 1989ರಲ್ಲಿ ಕೆಲಸ ಬಿಟ್ಟು ಎಂಎಸ್‌ಐ ಅನ್ನುವ ಸಲಹಾ ಕಂಪನಿ ಕಟ್ಟಿದರು. ಟವರ್ ಎಲ್ಲಿ ನಿಲ್ಲಿಸಬೇಕು, ಸಿಗ್ನಲ್ ಎಲ್ಲಿಗೆ ತಲುಪುತ್ತೆ, ಎಲ್ಲಿ ಸಾಯುತ್ತೆ ಅಂತ ಲೆಕ್ಕ ಹಾಕುವ ಸಾಫ್ಟ್‌ವೇರ್ ಅವರ ಮುಖ್ಯ ಸರಕು. ನೌಕರರಿಗೂ ಷೇರು ಕೊಟ್ಟಿದ್ದರು. 2000ದಲ್ಲಿ ಮಾರ್ಕೋನಿ ಕಂಪನಿ ಎಂಎಸ್‌ಐ ಅನ್ನು ಸುಮಾರು 90 ಕೋಟಿ ಡಾಲರಿಗೆ ಕೊಂಡುಕೊಂಡಿತು. ಅಲ್ಲಿಗೆ ನಿಂತಿದ್ದರೂ ಸುಖವಾಗಿರಬಹುದಿತ್ತು.

ನಿಲ್ಲಲಿಲ್ಲ. ಜಗತ್ತಿನ ದೊಡ್ಡ ಟೆಲಿಕಾಂ ಕಂಪನಿಗಳೆಲ್ಲ ಇವರ ಗಿರಾಕಿಗಳು. ಯುರೋಪ್, ಏಷ್ಯಾ ಲೈಸೆನ್ಸ್ ಅಂದರೆ ಅವರೆಲ್ಲ ಮುಗಿಬೀಳುತ್ತಿದ್ದರು. ಆಫ್ರಿಕಾ ಅಂದರೆ ಮುಖ ತಿರುಗಿಸುತ್ತಿದ್ದರು. ಉಗಾಂಡದ ಲೈಸೆನ್ಸ್ ತಗೊಳ್ಳಿ ಅಂತ ಇಬ್ರಾಹಿಂ ಒಬ್ಬ ದೊಡ್ಡ ಕಂಪನಿಯ ಮುಖ್ಯಸ್ಥರಿಗೆ ಹೇಳಿದಾಗ, 'ಆ ಹುಚ್ಚ ಇದಿ ಅಮೀನ್ ಆಳುವ ದೇಶಕ್ಕೆ ಹೋಗೋಣ ಅಂತ ನನ್ನ ಬೋರ್ಡಿಗೆ ಹೇಳಲಾ?' ಎಂಬ ಉತ್ತರ ಬಂತಂತೆ. ಅಮೀನ್ ಪದಚ್ಯುತನಾಗಿದ್ದು 1979ರಲ್ಲಿ! 1972ರಲ್ಲಿ ಅಮೀನ್ ಉಗಾಂಡದಿಂದ ಭಾರತೀಯರನ್ನು ಓಡಿಸಿದ ಕಥೆ ನಮ್ಮಲ್ಲೂ ಹಿರಿಯರಿಗೆ ನೆನಪಿರುತ್ತದೆ. ಆದರೆ ಒಂದು ಖಂಡದ ಬಗ್ಗೆ ವ್ಯಾಪಾರ ಮಾಡುವವರಿಗೇ ಎಷ್ಟು ಹಳೆಯ ಸುದ್ದಿ ಗೊತ್ತಿತ್ತು ನೋಡಿ.

ಯಾರೂ ಮುಂದೆ ಬರದಿದ್ದಾಗ, ಎಂಎಸ್‌ಐ ಮಾರುವ ಮೊದಲೇ, 1998ರಲ್ಲಿ ಇಬ್ರಾಹಿಂ ತಾವೇ ಇಳಿದರು. ಸೆಲ್‌ಟೆಲ್ ಬೆಳೆದಿದ್ದು ಹಾಗೆ. ಉಗಾಂಡ, ಜಾಂಬಿಯಾ, ಮಲಾವಿ, ಸಿಯೆರಾ ಲಿಯೋನ್, ಕಾಂಗೋ ಹೆಸರಿನ ಎರಡೂ ದೇಶಗಳು, ಚಾಡ್, ನೈಜರ್, ಟಾಂಜಾನಿಯಾ. ಬ್ಯಾಂಕುಗಳು ಸಾಲ ಕೊಡಲು ಹಿಂಜರಿದವು. ಹಾಗಾಗಿ ಬಹುಪಾಲು ಹಣವನ್ನು ಷೇರು ಬಂಡವಾಳವಾಗಿಯೇ ಎತ್ತಬೇಕಾಯಿತು. ಟವರ್‌ಗೆ ಕರೆಂಟ್ ಇಲ್ಲ, ಜನರೇಟರ್ ಬೇಕು. ಜನರೇಟರ್‌ಗೆ ಡೀಸೆಲ್ ಬೇಕು. ಕಾಂಗೋದ ಕೆಲವು ಕಡೆ ರಸ್ತೆಯೇ ಇಲ್ಲ, ಹೆಲಿಕಾಪ್ಟರಿನಲ್ಲೇ ಸಾಮಾನು ಸಾಗಿಸಬೇಕು.

ಒಂದು ಉದಾಹರಣೆ ಹೇಳಲೇಬೇಕು. ಕಿನ್ಶಾಸಾ, ಬ್ರಾಜಾವಿಲ್ ಎರಡು ಬೇರೆ ದೇಶಗಳ ರಾಜಧಾನಿಗಳು. ನಡುವೆ ಇರುವುದು ಕಾಂಗೋ ನದಿ ಮಾತ್ರ. ಈ ದಡದಲ್ಲಿ ನಿಂತರೆ ಆ ದಡದ ಕಟ್ಟಡಗಳು ಕಾಣುತ್ತವೆ. ಆದರೆ ಫೋನ್ ಕರೆ ಉಪಗ್ರಹ ಹತ್ತಿ ಯುರೋಪಿಗೆ ಹೋಗಿ ಮತ್ತೆ ನದಿಯ ಆಚೆ ಇಳಿಯಬೇಕಿತ್ತು. ದುಡ್ಡು ಎಷ್ಟು ಬೀಳಬಹುದು ಯೋಚಿಸಿ. ಸೆಲ್‌ಟೆಲ್ ನದಿಯ ಮೇಲೆ ನೇರ ಮೈಕ್ರೋವೇವ್ ಸಂಪರ್ಕ ಕೊಟ್ಟಿತು. ತಾಂತ್ರಿಕವಾಗಿ ಇದೇನೂ ದೊಡ್ಡ ಸಾಹಸ ಅಲ್ಲ. ಎರಡೂ ಸರ್ಕಾರಗಳ ಒಪ್ಪಿಗೆ ಪಡೆಯುವುದೇ ನಿಜವಾದ ಕೆಲಸ.

2005ರಲ್ಲಿ ಕುವೈತಿನ ಎಂಟಿಸಿ ಕಂಪನಿ ಸೆಲ್‌ಟೆಲ್ ಅನ್ನು 340 ಕೋಟಿ ಡಾಲರ್ ಲೆಕ್ಕದಲ್ಲಿ ಕೊಂಡಿತು. ಷೇರು ಹೊಂದಿದ್ದ ನೌಕರರಿಗೂ ಕೈತುಂಬಾ ಹಣ ಬಂತು. ಮರುವರ್ಷ, ಹೊಸ ಮಾಲೀಕರ ಕೆಳಗೆ, ಸೆಲ್‌ಟೆಲ್ ಕೀನ್ಯಾ, ಉಗಾಂಡ, ಟಾಂಜಾನಿಯಾ ಮೂರೂ ದೇಶಗಳ ನಡುವೆ ರೋಮಿಂಗ್ ಶುಲ್ಕ ತೆಗೆದುಹಾಕಿತು. ಬೆಂಗಳೂರಿನ ಸಿಮ್ ಹಾಕಿಕೊಂಡು ಹೊಸೂರು ದಾಟಿದರೆ ನಾವು ರೋಮಿಂಗ್ ದುಡ್ಡು ಕೊಡುತ್ತಿದ್ದ ಕಾಲ ಅದು! ಆಮೇಲೆ ಎಂಟಿಸಿ ಝೈನ್ ಆಯಿತು. 2010ರಲ್ಲಿ ನಮ್ಮ ಭಾರ್ತಿ ಏರ್‌ಟೆಲ್ ಝೈನ್‌ನ 15 ಆಫ್ರಿಕನ್ ದೇಶಗಳ ವ್ಯವಹಾರವನ್ನು 1,070 ಕೋಟಿ ಡಾಲರಿಗೆ ಕೊಂಡಿತು. ಇವತ್ತು ಉಗಾಂಡದ ಕಂಪಾಲಾದಲ್ಲಿ ಕಾಣುವ ಏರ್‌ಟೆಲ್ ಬೋರ್ಡಿನ ಬುಡದಲ್ಲಿ ಇಬ್ರಾಹಿಂ ಕಟ್ಟಿದ ಜಾಲವಿದೆ.

ಇಷ್ಟು ಹಣ ಬಂದಾಗ ಶಾಲೆ ಕಟ್ಟಬಹುದು, ಆಸ್ಪತ್ರೆ ಕಟ್ಟಬಹುದು. ಇಬ್ರಾಹಿಂ 2006ರಲ್ಲಿ ಪ್ರತಿಷ್ಠಾನ ಶುರು ಮಾಡಿ ಬೇರೆಯದೇ ದಾರಿ ಹಿಡಿದರು. ಆಡಳಿತ ಕೆಟ್ಟಿದ್ದರೆ ಕಟ್ಟಿದ ಆಸ್ಪತ್ರೆಗೆ ಔಷಧಿ ಬರುವುದಿಲ್ಲ, ಆಡಳಿತ ನೆಟ್ಟಗಿದ್ದರೆ ಜನರೇ ಆಸ್ಪತ್ರೆ ಕಟ್ಟಿಕೊಳ್ಳುತ್ತಾರೆ ಅನ್ನುವುದು ಅವರ ವಾದದ ತಿರುಳು. ಇಷ್ಟು ದೇಶಗಳ ಸರ್ಕಾರಿ ಕಚೇರಿಗಳಲ್ಲಿ ಕೂತು ಲೈಸೆನ್ಸಿಗೆ ಕಾದವರಿಗೆ ಇದು ಪುಸ್ತಕದ ಪಾಠ ಆಗಿರಲಿಲ್ಲ.

ಇಬ್ರಾಹಿಂ ಬಹುಮಾನದ ಷರತ್ತುಗಳು ಸರಳ. ಚುನಾವಣೆಯಲ್ಲಿ ಗೆದ್ದು ಬಂದ ರಾಷ್ಟ್ರಾಧ್ಯಕ್ಷ ಅಥವಾ ಸರ್ಕಾರದ ಮುಖ್ಯಸ್ಥ ಆಗಿರಬೇಕು. ಸಂವಿಧಾನ ಕೊಟ್ಟ ಅವಧಿಗೆ ಅಂಟಿಕೊಂಡಿರಬೇಕು. ಕಳೆದ ಮೂರು ವರ್ಷದೊಳಗೆ ಅಧಿಕಾರ ಬಿಟ್ಟಿರಬೇಕು. ಒಳ್ಳೆಯ ಆಡಳಿತ ಕೊಟ್ಟಿರಬೇಕು. ಗೆದ್ದವರಿಗೆ ಹತ್ತು ವರ್ಷದಲ್ಲಿ 50 ಲಕ್ಷ ಡಾಲರ್, ಆಮೇಲೆ ಬದುಕಿರುವವರೆಗೆ ವರ್ಷಕ್ಕೆ 2 ಲಕ್ಷ ಡಾಲರ್. ನೊಬೆಲ್ ಬಹುಮಾನಕ್ಕಿಂತ ದೊಡ್ಡ ಮೊತ್ತ.

2007ರ ಅಕ್ಟೋಬರ್ 22ರಂದು ಬಹುಮಾನ ಸಮಿತಿಯ ಅಧ್ಯಕ್ಷರಾಗಿದ್ದ, ವಿಶ್ವಸಂಸ್ಥೆಯ ಮಾಜಿ ಮಹಾಕಾರ್ಯದರ್ಶಿ ಕೋಫಿ ಅನ್ನಾನ್ ಮೊದಲ ಹೆಸರು ಹೇಳಿದರು: ಮೊಜಾಂಬಿಕ್‌ನ ಜೊಆಕಿಮ್ ಚಿಸಾನೊ. ಹದಿನಾರು ವರ್ಷ ನಡೆದ ಅಂತರ್ಯುದ್ಧವನ್ನು 1992ರಲ್ಲಿ ಒಪ್ಪಂದದ ಮೂಲಕ ಮುಗಿಸಿದವರು. ಇನ್ನೊಂದು ಅವಧಿಗೆ ನಿಲ್ಲಲು ಅವಕಾಶವಿದ್ದರೂ ನಿಲ್ಲದೆ ಹೊರಬಂದವರು. ಅಂದು ಅವರ ಹುಟ್ಟುಹಬ್ಬ ಕೂಡ. ಉತ್ತರ ಉಗಾಂಡದ ಬಂಡುಕೋರರ ಜೊತೆಗಿನ ಸಂಧಾನಕ್ಕೆ ವಿಶ್ವಸಂಸ್ಥೆ ಅವರನ್ನೇ ದೂತರನ್ನಾಗಿ ಕಳಿಸಿತ್ತು. ಅಧಿಕಾರ ಬಿಟ್ಟ ಮೇಲೂ ಶಾಂತಿಯ ಕೆಲಸಕ್ಕೆ ಅಲೆಯುತ್ತಿದ್ದ ಈ ಮನುಷ್ಯನಿಗಿಂತ ಒಳ್ಳೆಯ ಆರಂಭ ಈ ಬಹುಮಾನಕ್ಕೆ ಸಿಗುತ್ತಿರಲಿಲ್ಲ. ಮರುವರ್ಷ ಬೋಟ್ಸ್ವಾನಾದ ಫೆಸ್ಟಸ್ ಮೊಗೆ. ವಜ್ರದ ಹಣವನ್ನು ಜನರಿಗಾಗಿ ಬಳಸಿ, ಏಡ್ಸ್ ರೋಗಿಗಳಿಗೆ ಸರ್ಕಾರದಿಂದ ಉಚಿತ ಔಷಧಿ ಕೊಡಿಸಿದವರು.

2009ರಲ್ಲಿ ಯಾರಿಗೂ ಕೊಡಲಿಲ್ಲ. 2010ರಲ್ಲೂ ಇಲ್ಲ. 2011ರಲ್ಲಿ ಕೇಪ್ ವರ್ಡೆಯ ಪೆದ್ರೊ ಪಿರೆಸ್, 2014ರದ್ದು ನಮೀಬಿಯಾದ ಪೊಹಾಂಬಾ, 2017ರದ್ದು ಲೈಬೀರಿಯಾದ ಎಲೆನ್ ಜಾನ್ಸನ್ ಸರ್ಲೀಫ್, 2020ರದ್ದು ನೈಜರ್‌ನ ಇಸೂಫು. ನಡುವಿನ ವರ್ಷಗಳೆಲ್ಲ ಖಾಲಿ. ಪಿರೆಸ್, ಪೊಹಾಂಬಾ, ಸರ್ಲೀಫ್ ಅವರ ಹೆಸರು ಪ್ರಕಟಿಸಿದ ಸಮಿತಿಗೆ ಅಧ್ಯಕ್ಷರು ಯಾರು ಗೊತ್ತಾ? ಸೆಲ್‌ಟೆಲ್ ಬೋರ್ಡಿನಲ್ಲಿದ್ದ ಅದೇ ಸಲೀಂ ಅಹ್ಮದ್ ಸಲೀಂ. 'ಇಲ್ಲ' ಅನ್ನುವ ಅಭ್ಯಾಸ ಅಲ್ಲಿಂದ ಇಲ್ಲಿಗೂ ಬಂತು. ಖಾಲಿ ಬಿಟ್ಟ ವರ್ಷಗಳೇ ಈ ಬಹುಮಾನದ ಮರ್ಯಾದೆ ಉಳಿಸಿವೆ ಅನ್ನುತ್ತೇನೆ. ಪ್ರತಿ ವರ್ಷ ಯಾರಿಗಾದರೂ ಕೊಡಲೇಬೇಕು ಅಂತ ಹೊರಟಿದ್ದರೆ ಅದು ಸುಮ್ನೆ ಒಂದು ಸನ್ಮಾನ ಸಮಾರಂಭ ಆಗುತ್ತಿತ್ತು.

ಟೀಕೆಗಳೂ ಇವೆ, ತಳ್ಳಿಹಾಕುವಂಥವಲ್ಲ. ತನ್ನ ಕರ್ತವ್ಯ ಮಾಡಿದ್ದಕ್ಕೆ ಬಹುಮಾನ ಯಾಕೆ? ಖಜಾನೆಯಿಂದಲೇ ನೂರಾರು ಕೋಟಿ ಹೊಡೆಯಬಲ್ಲವನಿಗೆ 50 ಲಕ್ಷದ ಆಸೆ ಇರುತ್ತಾ? ಎರಡನೆಯ ಪ್ರಶ್ನೆಗೆ ಉತ್ತರ: ಇಲ್ಲ, ಕಳ್ಳನನ್ನು ಈ ಹಣ ತಡೆಯುವುದಿಲ್ಲ. ಇಬ್ರಾಹಿಂ ಹೇಳುವುದು ಪ್ರಾಮಾಣಿಕರ ಬಗ್ಗೆ. ಯುರೋಪಿನ ಮಾಜಿ ಪ್ರಧಾನಿಗೆ ಕಂಪನಿಗಳ ಹುದ್ದೆ, ಭಾಷಣದ ಸಂಭಾವನೆ, ಪುಸ್ತಕದ ಹಣ ಕಾದಿರುತ್ತದೆ. ಕುರ್ಚಿ ಬಿಟ್ಟ ಆಫ್ರಿಕಾದ ಸಜ್ಜನನಿಗೆ ಇದ್ಯಾವುದೂ ಇಲ್ಲ. ಆ ಭಯವೇ ಕೆಲವರನ್ನು ಕುರ್ಚಿಗೆ ಅಂಟಿಸುತ್ತದೆ. ಈ ಮಾತು ನನಗೆ ಸರಿ ಅನಿಸುತ್ತದೆ. ಆದರೆ ಒಬ್ಬ ನಾಯಕ ಸರಿಯಾಗಿ ಇಳಿದ ಮಾತ್ರಕ್ಕೆ ದೇಶ ಭದ್ರ ಆಗುವುದಿಲ್ಲ. ಇಸೂಫು ನಂತರ ಗೆದ್ದು ಬಂದ ಬಜೂಮ್ ಅವರನ್ನು 2023ರ ಜುಲೈನಲ್ಲಿ ಸೈನ್ಯ ಕೆಳಗಿಳಿಸಿತು.

ಬಹುಮಾನಕ್ಕಿಂತ ಉಪಯೋಗದ ಕೆಲಸ ಇನ್ನೊಂದಿದೆ, ಅದಕ್ಕೆ ಸುದ್ದಿ ಕಡಿಮೆ. 2007ರಿಂದ ಪ್ರತಿಷ್ಠಾನ ಆಫ್ರಿಕಾದ ದೇಶಗಳ ಆಡಳಿತಕ್ಕೆ ಅಂಕ ಕೊಡುವ ಸೂಚ್ಯಂಕ ಹೊರತರುತ್ತಿದೆ. ಭದ್ರತೆ ಮತ್ತು ಕಾನೂನು, ಜನರ ಹಕ್ಕು, ಆರ್ಥಿಕ ಅವಕಾಶ, ಆರೋಗ್ಯ ಮತ್ತು ಶಿಕ್ಷಣ, ಎಲ್ಲಕ್ಕೂ ಅಂಕ. ಪತ್ರಕರ್ತರು, ವಿರೋಧ ಪಕ್ಷದವರು ಅದನ್ನು ಹಿಡಿದು ಸರ್ಕಾರವನ್ನು ಪ್ರಶ್ನಿಸಬಹುದು. ಬಹುಮಾನ ಒಬ್ಬರಿಗೆ, ಅಂಕಪಟ್ಟಿ ಎಲ್ಲರಿಗೆ.

ಇಬ್ರಾಹಿಂ ಅವರ ತಾಯ್ನಾಡಿನಿಂದ ಈ ಬಹುಮಾನಕ್ಕೆ ಇದುವರೆಗೆ ಯಾರೂ ಬಂದಿಲ್ಲ. 30 ವರ್ಷ ಆಳಿದ ಒಮರ್ ಅಲ್ ಬಷೀರ್ 2019ರಲ್ಲಿ ಜನರ ಪ್ರತಿಭಟನೆಯ ನಡುವೆ ಪದಚ್ಯುತರಾದರು. 2023ರ ಏಪ್ರಿಲ್‌ನಲ್ಲಿ ಇಬ್ಬರು ಸೇನಾ ನಾಯಕರ ಪಡೆಗಳು ಪರಸ್ಪರ ಯುದ್ಧಕ್ಕೆ ಇಳಿದವು. 2024ರ ಫೆಬ್ರುವರಿಯಲ್ಲಿ ಸುಡಾನಿನ ಮೊಬೈಲ್ ಜಾಲಗಳೆಲ್ಲ ಸ್ಥಗಿತಗೊಂಡವು. ಸೆಲ್‌ಟೆಲ್ ಅನ್ನು ಕೊಂಡಿದ್ದ ಝೈನ್‌ನ ಜಾಲವೂ ಅದರಲ್ಲಿ ಸೇರಿತ್ತು. ಹೊರದೇಶದಲ್ಲಿರುವ ಮನೆಯವರು ಬ್ಯಾಂಕ್ ಆ್ಯಪ್ ಮೂಲಕ ಕಳಿಸುತ್ತಿದ್ದ ಹಣ ನಿಂತಿತು. ಆ ಹಣವನ್ನೇ ನಂಬಿ ಹಸಿದವರಿಗೆ ಊಟ ಹಾಕುತ್ತಿದ್ದ ಬಡಾವಣೆಗಳ ಹಲವು ಅಡುಗೆಮನೆಗಳು ಬಾಗಿಲು ಹಾಕಿದವು.