ಪದ ಪರಿಚಯ: ಅಪ್‌ಸ್ಟ್ರೀಮ್

ಮಳೆಗಾಲದಲ್ಲಿ ಕಲಬುರಗಿಯಿಂದ ಅಫಜಲಪುರದ ಕಡೆ ಹೋದರೆ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ: "ಮ್ಯಾಲಿಂದ ನೀರ ಬಿಟ್ಟಾರಂತ್ರೀ." ಮ್ಯಾಲೆ ಅಂದರೆ ಮಹಾರಾಷ್ಟ್ರದ ಉಜನಿ ಜಲಾಶಯ. ಅಲ್ಲಿ ಗೇಟ್ ಎತ್ತಿದರೆ ಸೊನ್ನ ಬ್ಯಾರೇಜ್, ಗಾಣಗಾಪುರ, ಯಾದಗಿರಿವರೆಗೂ ಭೀಮಾ ದಡದವರು ಎಚ್ಚರ ಆಗಬೇಕು. ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್ ಅನ್ನೋ ತಂತ್ರಾಂಶದಲ್ಲಿ ಅಪ್‌ಸ್ಟ್ರೀಮ್ ಅಂದರೆ ಇದೇ 'ಮ್ಯಾಲೆ'.

ಓಪನ್ ಸೋರ್ಸ್, ಅಂದರೆ ಕೋಡನ್ನು ಎಲ್ಲರಿಗೂ ತೆರೆದಿಟ್ಟ ಪ್ರಾಜೆಕ್ಟ್ ಒಂದಕ್ಕೆ ಕೋಡ್ ಕೊಡಬೇಕು ಅಂತಿಟ್ಟುಕೊಳ್ಳಿ. ಮೂಲ ರೆಪೊಗೆ (ಪ್ರಾಜೆಕ್ಟಿನ ಕೋಡ್ ಇಟ್ಟ ಕಣಜಕ್ಕೆ) ನೇರ ಬರೆಯುವ ಅನುಮತಿ ಹೊಸಬರಿಗೆ ಇರುವುದಿಲ್ಲ. ಅದಕ್ಕೇ ರೆಪೊಗಳನ್ನು ಇಡುವ ಗಿಟ್‌ಹಬ್ ತಾಣದಲ್ಲಿ ಫೋರ್ಕ್ ಮಾಡಿ, ಅಂದರೆ ನಮ್ಮ ಹೆಸರಲ್ಲಿ ಒಂದು ಪ್ರತಿ ಮಾಡಿಕೊಂಡು, ಆ ಫೋರ್ಕನ್ನು ಲ್ಯಾಪ್‌ಟಾಪ್‌ಗೆ ಕ್ಲೋನ್ ಮಾಡುತ್ತೇವೆ, ಅಂದರೆ ಇಳಿಸಿಕೊಳ್ಳುತ್ತೇವೆ. ಎಲ್ಲಿಂದ ಕ್ಲೋನ್ ಮಾಡಿದೆವೋ ಅದಕ್ಕೆ ಗಿಟ್ ತಾನಾಗಿಯೇ 'ಒರಿಜಿನ್' ಅಂತ ಹೆಸರಿಡುತ್ತದೆ. ಎಡವೋದು ಇಲ್ಲೇ. ಒರಿಜಿನ್ ಅಂದ ಕೂಡಲೇ ಮೂಲ ಅನ್ನಿಸುತ್ತೆ, ಅಲ್ವಾ? ಅದು ನಮ್ಮದೇ ಫೋರ್ಕ್. ನಿಜವಾದ ಮೂಲವನ್ನು ನಾವೇ ಸೇರಿಸಬೇಕು: 'ಗಿಟ್ ರಿಮೋಟ್ ಆಡ್ ಅಪ್‌ಸ್ಟ್ರೀಮ್', ಅದರ ಮುಂದೆ ವಿಳಾಸ. ರಿಮೋಟ್ ಅಂದರೆ ದೂರದ ರೆಪೊದ ವಿಳಾಸಕ್ಕೆ ಇಟ್ಟ ಅಡ್ಡಹೆಸರು, ಅಷ್ಟೇ. ಅಪ್‌ಸ್ಟ್ರೀಮ್ ಅನ್ನೋದೂ ಬರೀ ರೂಢಿ. 'ಉಜನಿ' ಅಂತಿಟ್ಟರೂ ಗಿಟ್ ತಕರಾರು ತೆಗೆಯುವುದಿಲ್ಲ.

ನಾನು ಮೊದಲ ಸಲ ಇದನ್ನು ಸೇರಿಸಿರಲೇ ಇಲ್ಲ. ಮೂರು ತಿಂಗಳು ದಿನಾ 'ಗಿಟ್ ಪುಲ್' ಹೊಡೆಯುತ್ತಿದ್ದೆ. ಹೊಸದೇನೂ ಇಲ್ಲ ಅಂತಲೇ ಉತ್ತರ. ಇರುವುದಾದರೂ ಹೇಗೆ? ನನ್ನ ಫೋರ್ಕ್‌ನಿಂದ ನಾನೇ ತರುತ್ತಿದ್ದೆ! ಅಷ್ಟರಲ್ಲಿ ನಾನು ತಿದ್ದುತ್ತಿದ್ದ ಫೈಲನ್ನೇ ಮೂಲದಲ್ಲಿ ತೆಗೆದುಹಾಕಿದ್ದರು. ಆಗಾಗ 'ಗಿಟ್ ಫೆಚ್ ಅಪ್‌ಸ್ಟ್ರೀಮ್' ಮಾಡಿ, ಬಂದದ್ದನ್ನು ಮರ್ಜ್ ಮಾಡಿಕೊಂಡಿದ್ದರೆ (ನನ್ನ ಕೋಡಿಗೆ ಬೆರೆಸಿಕೊಂಡಿದ್ದರೆ) ಮೊದಲ ವಾರವೇ ತಿಳಿಯುತ್ತಿತ್ತು.

ನದಿಯ ಹೋಲಿಕೆ ಪೂರ್ತಿ ಹೊಂದುವುದಿಲ್ಲ. ಭೀಮೆಯ ನೀರು ಸೊನ್ನದಿಂದ ಉಜನಿಗೆ ಹತ್ತುವುದಿಲ್ಲ. ಇಲ್ಲಿ ನಮ್ಮ ಕೋಡ್ ಪುಲ್ ರಿಕ್ವೆಸ್ಟ್ (ನಮ್ಮ ಬದಲಾವಣೆ ಸೇರಿಸಿಕೊಳ್ಳಿ ಅನ್ನೋ ಕೋರಿಕೆ) ಮೂಲಕ ಮೇಲಕ್ಕೂ ಹೋಗುತ್ತದೆ, ಅವರು ಒಪ್ಪಿದರೆ. ಇನ್ನೊಂದು ತಲೆನೋವು: ನಮ್ಮ ಬ್ರಾಂಚ್ (ಕೋಡಿನ ಒಂದು ಕವಲು) ರಿಮೋಟಿನ ಯಾವ ಬ್ರಾಂಚ್ ಜೊತೆ ಜೋಡಿಯೋ ಅದಕ್ಕೂ ಗಿಟ್ ಅಪ್‌ಸ್ಟ್ರೀಮ್ ಅಂತಲೇ ಕರೆಯುತ್ತದೆ. ಹೆಸರು ಒಂದೇ, ಸಂಗತಿ ಬೇರೆ.

ಆ ಪ್ರಾಜೆಕ್ಟಿನ 'ಕಾಂಟ್ರಿಬ್ಯೂಟಿಂಗ್' ಫೈಲ್‌ನಲ್ಲಿ ಕೋಡ್ ಹೇಗೆ ಬರೆಯಬೇಕು ಅಂತ ಉದ್ದಕ್ಕೆ ಇತ್ತು, ಅಪ್‌ಸ್ಟ್ರೀಮ್ ಸೇರಿಸಿಕೊಳ್ಳಿ ಅನ್ನೋ ಸಾಲು ಮಾತ್ರ ಇರಲಿಲ್ಲ. ಬರೆದವರದ್ದು ತಪ್ಪು ಅನ್ನಲಾರೆ. ಅವರು ಮೂಲವನ್ನೇ ನೇರ ಕ್ಲೋನ್ ಮಾಡಿಕೊಂಡವರು. ಅವರಿಗೆ ಒರಿಜಿನ್ ನಿಜಕ್ಕೂ ಒರಿಜಿನ್ನೇ. ಕೊನೆಗೆ ನಾನು ಕಳಿಸಿದ ಪುಲ್ ರಿಕ್ವೆಸ್ಟ್‌ನಲ್ಲಿ ಕೋಡ್ ಇರಲಿಲ್ಲ. ಆ ಫೈಲ್‌ಗೆ ಎರಡೇ ಸಾಲು: ಒಂದು ರಿಮೋಟ್ ಆಡ್, ಇನ್ನೊಂದು ಫೆಚ್.